ಎಡಗಾಲು ಮೇಲೆ

ಮಾರ್ಚ್ 4, ಸೋಮವಾರ

ನನ್ನ ಹಕ್ಕಿ ಕೋಣೆಗೆ ಇವತ್ತು ಹುಳ ಬಂತು. ನಿಜವಾದ ಹುಳ ಬಂದಿದ್ದರೆ ಔಷಧಿ ಹೊಡೆದು ಸುಮ್ಮನಾಗಬಹುದಿತ್ತು. ಇದು ಕೀಟ ವಿಭಾಗದ ಹೆಂಗಸು. ಕೆಳಗಿನ ಮಹಡಿಯ ಗೋಡೆ ಒಸರುತ್ತಿದೆಯೆಂದು ಆ ವಿಭಾಗಕ್ಕೆ ಬೀಗ ಹಾಕಿದ್ದಾರೆ. ಜೀರುಂಡೆಗಳನ್ನು ಡಬ್ಬಿಗೆ ತುಂಬಿ ಗೋದಾಮಿಗೆ ಕಳಿಸಿದರು, ಜೀರುಂಡೆ ನೋಡಿಕೊಳ್ಳುತ್ತಿದ್ದವಳನ್ನು ನನ್ನ ಬಳಿಗೆ ಕಳಿಸಿದರು. "ನಿಮಗೂ ಒಂದು ಕೈ ಸಹಾಯ ಆಗುತ್ತೆ ಮೇಡಂ" ಎಂದರು ನಿರ್ದೇಶಕರು. ನನಗೆ ಆಗಲೇ ಎರಡು ಕೈ ಇವೆ ಎನ್ನಬೇಕೆಂದುಕೊಂಡೆ. ಅನ್ನಲಿಲ್ಲ.

ಇಡೀ ಮ್ಯೂಸಿಯಮ್ಮಿನಲ್ಲಿ ನಾನು ಹೆದರುವುದು ಹುಳಕ್ಕೆ ಮಾತ್ರ. ಒಂದೇ ಒಂದು ಮರಿಹುಳ ಡ್ರಾಯರಿಗೆ ನುಗ್ಗಿದರೆ ಮುತ್ತಾತನ ಕಾಲದಲ್ಲಿ ಹತ್ತಿ ತುಂಬಿಟ್ಟ ಹಕ್ಕಿಯೂ ಒಂದು ಬೇಸಿಗೆಯಲ್ಲಿ ಪುಡಿ. ಇದನ್ನು ಅವಳಿಗೆ ಮೊದಲೇ ಹೇಳಿದೆ. "ಗೊತ್ತು ಮೇಡಂ, ಆ ಹುಳ ನನಗೆ ಚೆನ್ನಾಗಿ ಪರಿಚಯ. ನೋಡೋಕೆ ತುಂಬಾ ಮುದ್ದಾಗಿರುತ್ತೆ" ಎಂದಳು.

ವಯಸ್ಸು ನಲವತ್ತರ ಆಸುಪಾಸು. ದಪ್ಪ ಕನ್ನಡಕ, ಪುಟ್ಟ ಕೈ. ಕೆಲಸ ಮಾಡುವಾಗ ಗುಂಯ್ಯೆಂದು ಏನೋ ಗುನುಗುತ್ತಾಳೆ. ಪುಕ್ಕ ಹತ್ತಿರ ಬಂದರೆ ಸೀನುತ್ತಾಳೆ. ಮನಸ್ಸಿನಲ್ಲೇ ಜೀರುಂಡೆ ಎಂದು ಹೆಸರಿಟ್ಟಿದ್ದೇನೆ.

ಈ ಪೆನ್ನು ಸರಿಯಿಲ್ಲ. ಅಕ್ಷರವೆಲ್ಲ ಸೊಟ್ಟ.

ಮಾರ್ಚ್ 7, ಗುರುವಾರ

ಮನೆಯಲ್ಲಿ ಚಹಾ ಕಪ್ಪಿನ ಸಾಸರುಗಳು ಒಂದೂ ಇಲ್ಲ. ಕಪ್ಪುಗಳೂ ಇಲ್ಲ. ಅವುಗಳ ಜಾಗದಲ್ಲಿ ಕಲ್ಲುಗುಂಡಿನಂಥ ದಪ್ಪ ಮಗ್ಗುಗಳು ಬಂದು ಕೂತಿವೆ. ಇವರನ್ನು ಕೇಳಿದೆ.

"ಪಕ್ಕದ ಮನೆ ಬೆಕ್ಕು ಒಡೆದುಹಾಕ್ತು" ಎಂದರು.

"ಆರೂ?"

"ಅದಕ್ಕೆ ಏನೋ ಬೇಜಾರಾಗಿತ್ತು ಅನ್ಸುತ್ತೆ."

ಜೀವನವಿಡೀ ಬೇಕರಿ ನಡೆಸಿದ ಮನುಷ್ಯ. ಗಿರಾಕಿಗಳ ಹತ್ತಿರ ನಿನ್ನೆಯ ಬನ್ನನ್ನು ಇವತ್ತಿನದು ಎಂದು ಹೇಳಲೂ ಬಾರದವರು. ಸುಳ್ಳು ಹೇಳುವಾಗ ಕಿವಿ ಕೆಂಪಾಗುತ್ತದೆ. ತಾವೇ ಬೀಳಿಸಿರಬೇಕು. ಹೋಗಲಿ ಎಂದು ಹೊಟ್ಟೆಗೆ ಹಾಕಿಕೊಂಡೆ. ಆದರೆ ಚಹಾ ಅರ್ಧ ಮಗ್ಗು ಮಾತ್ರ ಹಾಕಿಕೊಡುವ ಈ ಹೊಸ ಜಿಪುಣತನ ಎಲ್ಲಿಂದ ಬಂತೋ ತಿಳಿಯದು.

ಪೆನ್ನು ಬದಲಿಸಿದೆ. ಇದೂ ಅದೇ ಕಂಪನಿಯದಿರಬೇಕು.

ಮಾರ್ಚ್ 15, ಶುಕ್ರವಾರ

ಮೂರು ದಿನ ಬೀಸಿದ ಬಿರುಗಾಳಿ ನಿಂತಿದೆ. ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಬಾಗಿಲ ಬಳಿ ಒಬ್ಬ ಲಾರಿ ಚಾಲಕ ನಿಂತಿದ್ದ, ಕೈಯಲ್ಲೊಂದು ಟವೆಲಿನ ಗಂಟು. "ರಸ್ತೆ ಮಧ್ಯ ಬಿದ್ದಿತ್ತು. ಎತ್ಕೊಂಡಾಗ ಇನ್ನೂ ಬೆಚ್ಚಗಿತ್ತು. ಪಕ್ಕದ ಸೀಟಲ್ಲಿ ಮಲಗಿಸ್ಕೊಂಡು ಬಂದೆ, ಉಳೀಲಿಲ್ಲ. ಎಸೆಯೋಕೆ ಮನಸ್ಸು ಬರ್ಲಿಲ್ಲ ನೋಡಿ" ಎಂದ.

ಟವೆಲ್ ಬಿಚ್ಚಿದೆ. ಮುಷ್ಟಿಯಷ್ಟು ಗಾತ್ರ, ಮಸಿಗಪ್ಪು, ಬಾಲದ ಬುಡದಲ್ಲಿ ಬಿಳಿ ಪಟ್ಟಿ, ಕೊಕ್ಕಿನ ಮೇಲೆ ಪುಟ್ಟ ಕೊಳವೆ. ಬಿರುಗಾಳಿ ಹಕ್ಕಿ. ಕುರ್ಚಿ ಎಳೆದುಕೊಂಡು ಕೂತುಬಿಟ್ಟೆ.

ನಡುಗಡಲಿನಲ್ಲಿ ಅಲೆಗಳ ಮೇಲೆ ಕಾಲಾಡಿಸುತ್ತ ಬದುಕುವ ಹಕ್ಕಿ ಇದು. ಮೊಟ್ಟೆಯಿಡುವುದಕ್ಕೆ ಬಿಟ್ಟರೆ ನೆಲಕ್ಕೆ ಬರುವುದಿಲ್ಲ. ಕಡಲಿನಿಂದ ಇಷ್ಟು ದೂರದ ಊರಿಗೆ ಗಾಳಿ ಹೊತ್ತು ತಂದು ಹಾಕಿದೆ. ನಮ್ಮ ಸಂಗ್ರಹದಲ್ಲಿ ಇದೊಂದಿಲ್ಲ. ನನಗೆ ಕೆಲಸ ಕಲಿಸಿದ ಮೇಷ್ಟ್ರು ಕಡಲಹಕ್ಕಿಗಳ ಡ್ರಾಯರಿನಲ್ಲಿ ಹತ್ತಿ ಹಾಸಿ ಇದಕ್ಕೆಂದೇ ಒಂದು ಜಾಗ ಖಾಲಿ ಬಿಟ್ಟಿದ್ದರು. "ಗಾಳಿ ಒಂದಿನ ತಂದೇ ತರುತ್ತೆ. ನಾನಿಲ್ಲದಿದ್ರೆ ನೀನಿರ್ತೀಯ" ಎನ್ನುತ್ತಿದ್ದರು. ಅವರು ಹೋಗಿ ಎಷ್ಟೋ ವರ್ಷವಾಯಿತು. ಹತ್ತಿಯನ್ನು ನಾನು ವರ್ಷವರ್ಷವೂ ಬದಲಿಸುತ್ತ ಬಂದಿದ್ದೇನೆ.

ಜೀರುಂಡೆ ಬಗ್ಗಿ ನೋಡಿದಳು. "ಮೇಡಂ, ಇದರ ಹೇನು ನೋಡ್ಬಹುದಾ?" ಎಂದಳು. ಎಲ್ಲರೂ ಹಕ್ಕಿ ನೋಡಿದರೆ ಇವಳಿಗೆ ಹೇನು.

ಹಕ್ಕಿಯನ್ನು ಫ್ರೀಜರಿನಲ್ಲಿಟ್ಟಿದ್ದೇನೆ. ಸೋಮವಾರ ಚರ್ಮ ಬಿಡಿಸಿ ಹದ ಮಾಡಲು ಕೈ ಹಚ್ಚುತ್ತೇನೆ. ಇದರ ಚರ್ಮ ಒದ್ದೆ ಕಾಗದದಷ್ಟು ತೆಳು, ಒಳಗೆಲ್ಲ ಕೊಬ್ಬು. ಒಂದು ಎಳೆ ತಪ್ಪಿದರೆ ಹರಿದು ಎರಡು. ಇಂಥದ್ದಕ್ಕೆ ನಾನೇ ಆಗಬೇಕು.

ಮಾರ್ಚ್ 18, ಸೋಮವಾರ

ಬೆಳಕು ಸರಿಯಿರಲಿಲ್ಲ.

ಮಾರ್ಚ್ 19

ದಾರ ಸರಿಯಿಲ್ಲ. ಸೂಜಿಗಳ ಕಣ್ಣನ್ನೂ ಈಚೆಗೆ ಸಣ್ಣದಾಗಿ ಮಾಡುತ್ತಿದ್ದಾರೆ. ಬೇರೆ ತರಿಸಲು ಹೇಳಿದೆ.

ಮಾರ್ಚ್ 26, ಮಂಗಳವಾರ

ದಾರ ಬಂತು. ಈಗ ಮೇಜು ಅಲುಗಾಡುತ್ತದೆ. ಬಡಗಿಯನ್ನು ಕರೆಸಿದೆ. ಅವನು ನಾಲ್ಕೂ ಕಾಲು ಹಿಡಿದು ಅಲ್ಲಾಡಿಸಿ, "ಮೇಜಿಗೇನೂ ಆಗಿಲ್ಲಮ್ಮ" ಎಂದ. ಬಡಗಿಗೇನು ಗೊತ್ತು.

ನಿರ್ದೇಶಕರು ಕಾರಿಡಾರಿನಲ್ಲಿ ಸಿಕ್ಕಿ, "ಆ ಹಕ್ಕಿ ಆಯ್ತಾ ಮೇಡಂ?" ಎಂದರು. ಇಂಥ ಕೆಲಸಕ್ಕೆ ಅವಸರ ಮಾಡಬಾರದು ಎಂದೆ.

ಮಾರ್ಚ್ 31, ಭಾನುವಾರ

ಇಡೀ ದಿನ ಮನೆಯಲ್ಲಿ. ಹಳೆಯದೆಲ್ಲ ನೆನಪಾಗುತ್ತಿದೆ.

ಮ್ಯೂಸಿಯಮ್ಮಿಗೆ ನಾನು ಸೇರಿದ್ದು ಚೀಟಿ ಬರೆಯುವ ಕೆಲಸಕ್ಕೆ. ಅಕ್ಷರ ದುಂಡಗಿತ್ತು, ಅಷ್ಟೇ ನನ್ನ ಅರ್ಹತೆ. ಹಕ್ಕಿ ಎಲ್ಲಿ ಸಿಕ್ಕಿತು, ಯಾವಾಗ, ಯಾರು ಹದ ಮಾಡಿದರು ಎಂದು ಬರೆದು ಅದರ ಕಾಲಿಗೆ ಕಟ್ಟುವ ಚೀಟಿ. ಒಂದು ದಿನ ಮೇಷ್ಟ್ರು, "ಬರೆಯೋದು ಸಾಕು, ಬಾ ಕೂತ್ಕೋ" ಎಂದು ಎದುರು ಕುರ್ಚಿ ತೋರಿಸಿದರು. ಹೊಟ್ಟೆಯ ಮೇಲೊಂದು ಗೀರು ಕೊಟ್ಟು ಚರ್ಮವನ್ನು ಕೈಚೀಲದ ಹಾಗೆ ಬಿಚ್ಚುವುದು, ಒಳಗೆ ಹತ್ತಿ ತುಂಬುವುದು, ಹೊಲಿಯುವುದು, ಕೊನೆಗೆ ಕಾಲಿನ ಮೇಲೆ ಕಾಲು ಹಾಕಿ ಕಟ್ಟುವುದು, ಎಲ್ಲ ಎದುರು ಕೂತೇ ಕಲಿತೆ. ಅವರದು ಬಲಗೈ, ನನ್ನದು ಎಡಗೈ. ಅವರನ್ನು ಕನ್ನಡಿಯಲ್ಲಿ ನೋಡಿದ ಹಾಗೆ ನೋಡಿ ಮಾಡುತ್ತಿದ್ದೆ. ಅವರ ಹಕ್ಕಿಗಳೆಲ್ಲ ಬಲಗಾಲು ಮೇಲೆ ಹಾಕಿ ಮಲಗಿದರೆ ನನ್ನವು ಎಡಗಾಲು ಮೇಲೆ. ಮೇಷ್ಟ್ರು ಬೈದು ಬೈದು ಸುಸ್ತಾದರು. "ಬಿಡು, ನೀನು ಮಾಡಿದ್ದು ಯಾವ್ದು ಅಂತ ಕತ್ತಲಲ್ಲೂ ತಡವಿ ಹೇಳ್ಬಹುದು" ಎಂದರು ಕೊನೆಗೆ. ಅದಕ್ಕಿಂತ ದೊಡ್ಡ ಬಹುಮಾನ ನನಗೆ ಯಾರೂ ಕೊಟ್ಟಿಲ್ಲ.

"ಸತ್ತ ಹಕ್ಕಿಗಳ ಜೊತೆ ಏಗೋಳನ್ನ ಯಾರು ಮದುವೆ ಆಗ್ತಾರೆ" ಎಂದು ಅಮ್ಮ ಕೊರಗುತ್ತಿದ್ದಳು. ಆದರೆ ಇವರನ್ನು ಕರೆತಂದದ್ದೇ ಸತ್ತ ಹಕ್ಕಿ. ಬೇಕರಿಯ ಗಾಜಿಗೆ ಬಡಿದು ಬಿದ್ದ ಅಂಬರಗುಬ್ಬಿಯನ್ನು ಬ್ರೆಡ್ಡಿನ ಚೀಲದಲ್ಲಿ ಹಾಕಿಕೊಂಡು, ಮೈತುಂಬ ಹಿಟ್ಟು ಮೆತ್ತಿಕೊಂಡು ಬಂದು ನಿಂತಿದ್ದರು. ಮರುವಾರ ಇನ್ನೊಂದು ನೆಪ, ಅದರ ಮರುವಾರ ನೆಪವೂ ಇಲ್ಲ, ಬರೀ ಬನ್ನು. ಆ ಅಂಬರಗುಬ್ಬಿ ಇವತ್ತಿಗೂ ಡ್ರಾಯರಿನಲ್ಲಿದೆ, ತಂದವರ ಹೆಸರಿನ ಜಾಗದಲ್ಲಿ ಇವರ ಹೆಸರು. ಚೀಟಿಯಲ್ಲಿ ನನ್ನ ಅಕ್ಷರ ಎಷ್ಟು ದುಂಡಗಿದೆ.

ಏಪ್ರಿಲ್ 5, ಶುಕ್ರವಾರ

ಜೀರುಂಡೆ ಊಟಕ್ಕೆ ಹೋದಾಗ ಬಾಗಿಲು ಹಾಕಿಕೊಂಡು ಒಂದು ಗುಬ್ಬಚ್ಚಿ ತೆಗೆದುಕೊಂಡೆ. ಕಣ್ಣು ಮುಚ್ಚಿಕೊಂಡು ಮಾಡಬಹುದಾದ ಕೆಲಸ. ಕತ್ತಿನ ಹತ್ತಿರ ಬಂದಾಗ ಕೈ ತನ್ನಷ್ಟಕ್ಕೆ ಜಿಗಿಯಿತು. ಚರ್ಮ ಕಿವಿಯ ತನಕ ಹರಿಯಿತು. ಇನ್ನೊಂದು ಕೈಯಿಂದ ಆ ಕೈಯನ್ನು ಹಿಡಿದುಕೊಂಡೆ. ಇನ್ನೊಂದು ಕೈಯೂ ಅದುರುತ್ತಿತ್ತು.

ಕೈ ಅದುರುತ್ತದೆ. ಬರೆದುಬಿಟ್ಟೆ.

ಗುಬ್ಬಚ್ಚಿಯನ್ನು ಕಾಗದದಲ್ಲಿ ಸುತ್ತಿ ಬುಟ್ಟಿಗೆ ಹಾಕಿದೆ.

ಏಪ್ರಿಲ್ 8, ಸೋಮವಾರ

ಬೆಳಿಗ್ಗೆ ನನ್ನ ಮೇಜಿನ ಮೇಲೆ ಆ ಗುಬ್ಬಚ್ಚಿ. ಹರಿದದ್ದನ್ನು ಜೀರುಂಡೆ ಹೊಲಿದಿದ್ದಳು. ಭೂತಗನ್ನಡಿ ಹಿಡಿದರೂ ಹೊಲಿಗೆ ಕಾಣಲಿಲ್ಲ, ಪುಕ್ಕ ಊದಿ ನೋಡಿದ ಮೇಲೆ ಕಂಡಿತು. "ಬುಟ್ಟಿಯಲ್ಲಿ ಬಿದ್ದಿತ್ತು ಮೇಡಂ. ನೋಡಿ ಕೈ ತುರಿಸ್ತು" ಎಂದಳು.

ನನಗೆ ಸಿಟ್ಟು ನೆತ್ತಿಗೇರಿತು. ಸಿಕ್ಕಿಬಿದ್ದವರಿಗೆ ಬರುವ ಕೋಪ. "ಸೂಜಿಯಲ್ಲಿ ಚುಚ್ಚಿ ಸಾಲಾಗಿ ನಿಲ್ಲಿಸೋಕೆ ಇದೇನು ಹುಳ ಅಂದ್ಕೊಂಡ್ಯಾ? ನಿನ್ನ ಕೆಲಸ ನೀನು ನೋಡ್ಕೋ ಜೀರುಂಡೆ" ಎಂದುಬಿಟ್ಟೆ. ಮನಸ್ಸಿನಲ್ಲಿದ್ದ ಹೆಸರು ಬಾಯಿಗೆ ಬಂದುಬಿಟ್ಟಿತ್ತು. ನಾಲಿಗೆ ಕಚ್ಚಿಕೊಂಡೆ.

ಅವಳು ಕನ್ನಡಕ ಒರೆಸಿಕೊಂಡಳು. "ಜೀರುಂಡೆ ಅಂತಾನೇ ಕರೀರಿ ಮೇಡಂ. ಕೆಳಗಡೆ ನನ್ನ ಸೊಳ್ಳೆ ಅಂತಿದ್ರು" ಎಂದಳು. ಆಮೇಲೆ ಮೆಲ್ಲಗೆ, "ನಾನು ಯಾರಿಗೂ ಹೇಳಲ್ಲ" ಎಂದಳು.

ಏಪ್ರಿಲ್ 12, ಶುಕ್ರವಾರ

ಇವರಿಗೆ ಹೇಳಿದೆ. ಹೇಗೆ ಶುರು ಮಾಡುವುದೆಂದು ಬೆಳಿಗ್ಗೆಯಿಂದ ಒದ್ದಾಡಿ, ಕೊನೆಗೆ ಹಿಟ್ಟು ಕಲಸುತ್ತಿದ್ದವರ ಮುಂದೆ ಕೈ ಚಾಚಿ ನಿಂತೆ. ಇವರು ಹಿಟ್ಟಿನ ಕೈಯಲ್ಲೇ ಹಿಡಿದುಕೊಂಡರು. "ಡಾಕ್ಟರ ಹತ್ರ ಇವತ್ತೇ ಹೋಗೋಣ. ಸಮಯ ಕೇಳಿಟ್ಟಿದೀನಿ" ಎಂದರು.

"ನಿಮಗೆ ಯಾವಾಗಿಂದ ಗೊತ್ತು?"

"ಸಾಸರಿನ ಮೇಲೆ ಕಪ್ಪು ಕಿಣಿಕಿಣಿ ಅನ್ನೋಕೆ ಶುರುವಾದಾಗಿಂದ. ಆ ಸದ್ದು ಕೇಳಿದ್ರೆ ನಿನ್ನ ಮುಖ ಸಣ್ಣದಾಗ್ತಿತ್ತು. ಅದಕ್ಕೇ ಎತ್ತಿಟ್ಟೆ."

"ಬಾಯಿಬಿಟ್ಟು ಹೇಳೋದಲ್ವಾ?"

"ಹೇಳಿದ್ರೆ ನೀನು ಸಾಸರಿನ ಮೇಲೆ ತಪ್ಪು ಹೊರಿಸ್ತಿದ್ದೆ. ನಾನು ಬೆಕ್ಕಿನ ಮೇಲೆ ಹೊರಿಸ್ದೆ."

ಅರ್ಧ ಮಗ್ಗು ಚಹಾ ಯಾಕೆಂದು ಆಗ ಹೊಳೆಯಿತು. ಚೆಲ್ಲದಿರಲಿ ಎಂದು. ಜಿಪುಣ ಎಂದು ಇದರಲ್ಲಿ ಬರೆದಿದ್ದೇನೆ, ಹೊಡೆದು ಹಾಕುವುದಿಲ್ಲ, ಓದಿದಾಗಲೆಲ್ಲ ನಾಚಿಕೆಯಾಗಲಿ.

ಡಾಕ್ಟರು ಕಾಗದದ ಮೇಲೆ ಸುರುಳಿ ಬರೆಸಿದರು, ನೀರಿನ ಲೋಟ ಹಿಡಿಸಿದರು. "ಪ್ರಾಣಕ್ಕೇನೂ ಇಲ್ಲ. ಕೆಲವರಿಗೆ ವಯಸ್ಸಾಗ್ತಾ ಬರುತ್ತೆ. ಮಾತ್ರೆಯಿಂದ ಸ್ವಲ್ಪ ಕಮ್ಮಿಯಾಗುತ್ತೆ, ಪೂರ್ತಿ ಹೋಗಲ್ಲ. ಸೂಜಿದಾರದ ಕೆಲಸ ಇನ್ನು ಬಿಡಬೇಕಾಗುತ್ತಮ್ಮ" ಎಂದರು. ಉಪ್ಪಿನಕಾಯಿ ಬಿಡಿ ಎನ್ನುವ ಹಾಗೆ ಹೇಳಿದರು. ದಾರಿಯುದ್ದಕ್ಕೂ ಅತ್ತೆ. ಇವರು ಕರವಸ್ತ್ರ ಕೊಡಲಿಲ್ಲ, ಅದರ ತುಂಬ ಹಿಟ್ಟಿತ್ತು.

ಏಪ್ರಿಲ್ 15, ಸೋಮವಾರ

ನಿರ್ದೇಶಕರು ಕೋಣೆಗೇ ಬಂದರು. ರಾಜಧಾನಿಯ ದೊಡ್ಡ ಮ್ಯೂಸಿಯಮ್ಮಿನವರು ಫೋನ್ ಮಾಡಿದ್ದರಂತೆ. ಬಿರುಗಾಳಿ ಹಕ್ಕಿಯನ್ನು ಕಳಿಸಿದರೆ ಅವರೇ ಹದ ಮಾಡಿಕೊಳ್ಳುತ್ತಾರಂತೆ.

"ಅಲ್ಲಿ ಮಾಡಿದ್ರೆ ಅಲ್ಲೇ ಇಟ್ಕೋತಾರೆ" ಎಂದೆ.

"ಫ್ರೀಜರಲ್ಲಿ ಒಣಗಿ ಹಾಳಾಗೋದಕ್ಕಿಂತ ಅದೇ ವಾಸಿ ಅಲ್ವಾ ಮೇಡಂ? ಈ ತಿಂಗಳು, ಮುಂದಿನ ತಿಂಗಳು ನೋಡ್ತೀನಿ. ಆಮೇಲೆ ಕಳಿಸಲೇಬೇಕಾಗುತ್ತೆ."

ಅವರು ಹೇಳಿದ್ದರಲ್ಲಿ ತಪ್ಪಿಲ್ಲ. ಅದಕ್ಕೇ ಉರಿಯಿತು. ಅವರು ಹೋದ ಮೇಲೆ ಡ್ರಾಯರ್ ಎಳೆದು ಆ ಖಾಲಿ ಹತ್ತಿಯನ್ನು ನೋಡುತ್ತ ನಿಂತೆ. ಜೀರುಂಡೆ ಗುನುಗುವುದನ್ನು ನಿಲ್ಲಿಸಿದ್ದಳು.

"ಕುರ್ಚಿ ತಗೊಂಡು ಬಾ" ಎಂದೆ. ಅವಳು ಎದುರಿಗೆ ಹಾಕಿಕೊಳ್ಳಹೋದಳು. "ಅಲ್ಲಲ್ಲ, ಪಕ್ಕದಲ್ಲಿ. ಎದುರು ಕೂತ್ರೆ ಎಲ್ಲ ತಿರುಗುಮುರುಗಾಗುತ್ತೆ."

ಏಪ್ರಿಲ್ 24, ಬುಧವಾರ

ಜೀರುಂಡೆಯ ಮೊದಲ ಗುಬ್ಬಚ್ಚಿ. ಸೊಳ್ಳೆಯ ಕಾಲು ಮುರಿದರೆ ಅಂಟಿಸಬಲ್ಲ ಕೈ ಅವಳದು, ಹೊಲಿಗೆ ಅಂದವೋ ಅಂದ. ಆದರೆ ಹತ್ತಿ ತುಂಬಿದ್ದಾಳೆ ಹಬ್ಬದೂಟ ಉಂಡ ಹಕ್ಕಿಯ ಹಾಗೆ. ನಿನ್ನೆ ಮನೆಗೆ ತಂದು ತೋರಿಸಿದರೆ ಇವರು, "ಸೋಡಾ ಜಾಸ್ತಿಯಾಗಿದೆ" ಎಂದರು. ಇವತ್ತು ಅವಳಿಗೆ ಹೇಳಿದೆ. ನಕ್ಕು ನಕ್ಕು ಸೀನಿದಳು, ಸೀನಿದ್ದಕ್ಕೆ ಮೇಜಿನ ಮೇಲಿದ್ದ ಪುಕ್ಕವೆಲ್ಲ ಎದ್ದು ಇಬ್ಬರ ತಲೆಯ ಮೇಲೂ ಕೂತಿತು.

ಈಗ ನಾನು ಮಾತಾಡುವುದು, ಅವಳು ಮಾಡುವುದು. ಹೆಬ್ಬೆರಳಿನಿಂದ ತಳ್ಳು, ಎಳೀಬೇಡ. ಉಸಿರು ಬಿಡು. ರೆಕ್ಕೆಯ ಬುಡದಲ್ಲಿ ಅವಸರ ಬೇಡ. ಕೈಗೆ ಗೊತ್ತಿದ್ದದ್ದನ್ನು ಬಾಯಿಗೆ ತರುವುದು ಇಷ್ಟು ಕಷ್ಟವೆಂದು ತಿಳಿದಿರಲಿಲ್ಲ. ಎಷ್ಟೋ ಸಂಗತಿ ನನಗೂ ಈಗಲೇ ಗೊತ್ತಾಗುತ್ತಿದೆ.

ಮೇ 7, ಮಂಗಳವಾರ

ನಮ್ಮ ಕೋಣೆಯ ಕಿಟಕಿಗೆ ಪರದೆ ಬಂತು. ಬಿಸಿಲು ಅವಳ ಕಣ್ಣಿಗೆ ಹೊಡೆಯುತ್ತಿತ್ತು, ನಾನೇ ಹಟ ಹಿಡಿದು ಹಾಕಿಸಿದೆ. ಜೀರುಂಡೆ ಹದ ಮಾಡಿದ ಹಕ್ಕಿಗಳು ಹಲಗೆಯ ಮೇಲೆ ಒಣಗುತ್ತಿವೆ. ಕಲಿಕೆಯ ಹಕ್ಕಿಗಳಾದ್ದರಿಂದ ಕಾಲು ಕಟ್ಟಿಲ್ಲ, ಚೀಟಿಯೂ ಇಲ್ಲ. ಕೊನೆಯದು ಒಂದು ಮಿಂಚುಳ್ಳಿ. ಅದನ್ನು ಕೈಯಲ್ಲಿ ಹಿಡಿದು ತುಂಬ ಹೊತ್ತು ನೋಡಿದೆ, ಏನೂ ತಪ್ಪು ಸಿಗಲಿಲ್ಲ. "ಕೊಕ್ಕು ಸ್ವಲ್ಪ ಮೇಲಾಯ್ತು" ಎಂದೆ, ಸುಮ್ಮನೆ.

ಮಧ್ಯಾಹ್ನ ಹೊತ್ತು ಅವಳು ಡ್ರಾಯರುಗಳನ್ನು ಎಳೆದು ಒಂದೊಂದೇ ಹಕ್ಕಿ ನೋಡುತ್ತಾಳೆ. ಹುಳ ಹುಡುಕುತ್ತಿದ್ದಾಳೆ ಎಂದುಕೊಂಡಿದ್ದೇನೆ. ಹೋದ ವಾರ ಇವರ ಅಂಬರಗುಬ್ಬಿ ಸಿಕ್ಕಿತಂತೆ, ಕತೆ ಕೇಳಿದಳು. ಹೇಳಿದೆ. ಇವರು ಆವತ್ತಿನಿಂದ ಅವಳಿಗೂ ಒಂದು ಬನ್ನು ಕಳಿಸುತ್ತಾರೆ.

ನಿರ್ದೇಶಕರು ಮತ್ತೆ ಕೇಳಿದರು. "ಮಾಡ್ತೀವಿ" ಎಂದೆ.

ಮೇ 20, ಸೋಮವಾರ

ಬಿರುಗಾಳಿ ಹಕ್ಕಿಯನ್ನು ನಿನ್ನೆಯೇ ಫ್ರೀಜರಿನಿಂದ ತೆಗೆದು ಮೆತ್ತಗಾಗಲು ಬಿಟ್ಟಿದ್ದೆ. ಬೆಳಿಗ್ಗೆ ಮಾತ್ರೆ ನುಂಗಿದ್ದೆ, ಕೈ ಎಂದಿಗಿಂತ ಶಾಂತವಾಗಿತ್ತು. ಒಳಗಿನ ಆಸೆಬುರುಕಿ ಎದ್ದು ಕೂತಳು. ಇದೊಂದನ್ನು ನಾನೇ ಮಾಡಿಬಿಡಲೇ? ಮೇಷ್ಟ್ರ ಕುರ್ಚಿಯಲ್ಲಿ ಕೂತೆ, ಚಾಕು ತೆಗೆದುಕೊಂಡೆ, ಎದೆಯ ಪುಕ್ಕ ಸರಿಸಿದೆ. ಚಾಕುವಿನ ತುದಿ ಒಂದು ಕ್ಷಣ ಅಲುಗದೆ ನಿಂತಿತು. ಆಮೇಲೆ ನೋಡನೋಡುತ್ತಿದ್ದಂತೆ ಸಣ್ಣಗೆ ಅದುರತೊಡಗಿತು.

ಜೀರುಂಡೆ ಪಕ್ಕದಲ್ಲಿ ಉಸಿರು ಬಿಗಿಹಿಡಿದು ಕೂತಿದ್ದಳು. ಗಾಳಿಗೆ ಸಿಕ್ಕಿ ಇಷ್ಟು ದೂರ ಬಂದ ಹಕ್ಕಿ ನನ್ನ ಹಟಕ್ಕೆ ಹರಿಯಬಾರದು ಅನ್ನಿಸಿತು. ಎದ್ದೆ. ಕುರ್ಚಿಯನ್ನು ಅವಳಿಗೆ ಕೊಟ್ಟೆ. ಸಂಕಟವಾಯಿತು. ಹಗುರವೂ ಆಯಿತು. ಎರಡೂ ನಿಜ.

"ನನಗೆ ಭಯ ಆಗ್ತಿದೆ ಮೇಡಂ."

"ಆಗ್ಲಿ. ಕೈ ಅದುರದಿದ್ರೆ ಸಾಕು."

ಮಧ್ಯಾಹ್ನ ದಾಟುವವರೆಗೂ ನಾನು ಮಾತಾಡಿದೆ, ಅವಳು ಮಾಡಿದಳು. ಕತ್ತಿನ ಹತ್ತಿರ ಬಂದಾಗ ನನ್ನ ಮಾತು ನಿಂತುಹೋಯಿತು. ಅವಳು ಮೆಲ್ಲಗೆ ಗುನುಗುತ್ತ ದಾಟಿಸಿಕೊಂಡು ಹೋದಳು. ಕೊಬ್ಬನ್ನೆಲ್ಲ ತೆಗೆದಳು, ತೊಳೆದಳು, ಪುಕ್ಕ ಒಣಗಿಸಿದಳು. ಹತ್ತಿ ಬೇಕಾದಷ್ಟೇ. ಎಲ್ಲೂ ಹರಿಯಲಿಲ್ಲ. ಕೊನೆಯ ಹೊಲಿಗೆ ಬಿದ್ದಾಗ ನನ್ನ ಕಣ್ಣು ಮಂಜಾಗಿ, ಕಿಟಕಿಯ ಹತ್ತಿರ ಹೋಗಿ ಕನ್ನಡಕ ಒರೆಸಿಕೊಳ್ಳುತ್ತ ನಿಂತೆ.

ತಿರುಗಿ ಬಂದಾಗ ಕಾಲು ಕಟ್ಟಿ ಮುಗಿಸಿದ್ದಳು. ಕಾಲು ಕಟ್ಟುವುದನ್ನು ನಾನು ಅವಳಿಗೆ ಹೇಳಿಕೊಟ್ಟೇ ಇರಲಿಲ್ಲ.

ಎಡಗಾಲು ಮೇಲೆ.

"ಇದು ಯಾಕೆ ಹೀಗೆ?" ಎಂದೆ.

"ತಪ್ಪಾಯ್ತಾ? ಡ್ರಾಯರಲ್ಲಿ ನಿಮ್ಮ ಹಕ್ಕಿಗಳೆಲ್ಲ ಹೀಗೇ ಮಲಗಿವೆಯಲ್ಲ. ದಿನಾ ಅವನ್ನೇ ನೋಡಿ ಕಲೀತಿದ್ದೆ. ಹೀಗೇ ಕಟ್ಟಬೇಕು ಅಂದ್ಕೊಂಡೆ. ಬಿಚ್ಚಿ ಕಟ್ಲಾ?"

ಬಲಗೈಯವಳು. ಮೇಷ್ಟ್ರ ಪ್ರಕಾರ ಇದು ತಪ್ಪೇ. ಆ ತಪ್ಪು ಮಾಡುವವಳು ಈ ಭೂಮಿಯ ಮೇಲೆ ನಾನೊಬ್ಬಳೇ ಇದ್ದೆ.

"ಬೇಡ. ಹಾಗೇ ಇರ್ಲಿ" ಎಂದೆ.

ಚೀಟಿ ಬರೆದಿಟ್ಟಿದ್ದಳು. ಹದ ಮಾಡಿದವರ ಹೆಸರಿನ ಜಾಗ ಮಾತ್ರ ಖಾಲಿ. ಅಲ್ಲಿ ಒಂದೇ ಹೆಸರು ಬರೆಯುವುದು ನಮ್ಮಲ್ಲಿ ರೂಢಿ.

"ನಿಮ್ಮ ಹೆಸರು ಬರೀರಿ ಮೇಡಂ. ಇದಕ್ಕೆ ಇಷ್ಟು ವರ್ಷ ಕಾದವರು ನೀವು."

"ಕಾದವರ ಹೆಸರಿಗೆ ಚೀಟಿಯಲ್ಲಿ ಜಾಗ ಇಲ್ಲ" ಎಂದು ಪೆನ್ನು ತೆಗೆದುಕೊಂಡೆ. ಅವಳ ಹೆಸರನ್ನು ನಾನೇ ಬರೆದೆ. ಅಕ್ಷರಗಳು ಒಂದರ ಮೇಲೊಂದು ವಾಲಿಕೊಂಡವು. ಆದರೂ ಓದಬಹುದು.

ಮೇ 29, ಬುಧವಾರ

ಹಕ್ಕಿ ಒಣಗಿತು. ಮೇಷ್ಟ್ರ ಹತ್ತಿಯ ಮೇಲೆ ಮಲಗಿಸಿದೆವು. ಅಳತೆ ತೆಗೆದು ಬಿಟ್ಟ ಜಾಗದ ಹಾಗೆ ಸರಿಯಾಗಿ ಕೂತಿತು. ಲಾರಿ ಚಾಲಕನಿಗೆ ಫೋನ್ ಮಾಡಿ ಹೇಳಿದೆ. ಮಕ್ಕಳನ್ನು ಕರೆದುಕೊಂಡು ಬರುತ್ತಾನಂತೆ. ನಿರ್ದೇಶಕರು ಡ್ರಾಯರಿನ ಮೇಲೆ ಬಗ್ಗಿ, "ನಿಮ್ಮ ಕೈ ಅಂದ್ರೆ ಕೈ ಮೇಡಂ, ನೋಡಿದ ಕೂಡಲೇ ಗೊತ್ತಾಗುತ್ತೆ" ಎಂದರು. ಚೀಟಿ ಓದಿ ಎಂದೆ. ಓದಿದರು. ಜೀರುಂಡೆಗೆ ಆ ಹೊತ್ತಿಗೇ ಸೀನು ಬರಬೇಕೇ.

ಸಂಜೆ ಮನೆಗೆ ಬಂದು ಇವರಿಗೆ, "ಸಾಸರ್ ತೆಗೀರಿ" ಎಂದೆ.

"ಯಾವ ಸಾಸರು?"

"ಬೆಕ್ಕು ಒಡೆದದ್ದು."

ಹಿಟ್ಟಿನ ಡಬ್ಬದ ಹಿಂದಿನಿಂದ ಆರೂ ಹೊರಬಂದವು, ಕಪ್ಪುಗಳೂ. ಪೂರ್ತಿ ತುಂಬಿಸಿ ಎಂದೆ. ಎತ್ತಿ ಕುಡಿದೆ, ಕೆಳಗಿಟ್ಟೆ. ಕಿಣಿಕಿಣಿ ಎಂದಿತು, ಒಂದಷ್ಟು ಚೆಲ್ಲಿತು. ಇವರು ನನ್ನ ಮುಖ ನೋಡಿದರು. ನಾನು ಇನ್ನೊಂದು ಗುಟುಕು ಕುಡಿದೆ.

ಭಾನುವಾರ ಜೀರುಂಡೆಯನ್ನು ಚಹಾಕ್ಕೆ ಕರೆದಿದ್ದೇನೆ. ಮೂರು ಕಪ್ಪು, ಮೂರು ಸಾಸರು ತೊಳೆದಿಡಲು ಇವರಿಗೆ ಹೇಳಿದೆ.

ಪೆನ್ನು ಮಾರ್ಚಿನದೇ, ಹುಡುಕಿ ತೆಗೆದೆ. ಪೆನ್ನಿಗೇನೂ ಆಗಿಲ್ಲ.